ಮೇಷ್ಟ್ರಿಗೆ ಜೋಡಿ ಪದ ಯಾಕೆ ಹುಟ್ಟಲಿಲ್ಲ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಓದುಗರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಮೇ ತಿಂಗಳ ಕೊನೆಯಲ್ಲಿ ವಯೋನಿವೃತ್ತಿಯ ಬೀಳ್ಕೊಡುಗೆಗಳು ಸಾಲುಗಟ್ಟುತ್ತವೆ, ಸೆಪ್ಟೆಂಬರ್ 5ಕ್ಕೆ ಶಿಕ್ಷಕರ ದಿನಾಚರಣೆ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಯಾರಾದರೊಬ್ಬರು ಕೇಳುತ್ತಾರೆ: 'ಹೆಡ್ ಮಿಸ್ಟ್ರೆಸ್' ಅಂತ ಹಾಕಿಸಬಹುದಾ, 'ಮುಖ್ಯೋಪಾಧ್ಯಾಯಿನಿ' ಅಂತಲೇ ಹಾಕಬೇಕಾ, 'ಮುಖ್ಯ ಶಿಕ್ಷಕರು' ಅಂದರೆ ಹೆಂಗಸರಿಗೆ ಒಪ್ಪುತ್ತದಾ? ಇತ್ತೀಚೆಗೆ ಪ್ರಶ್ನೆಯ ಧಾಟಿ ಬದಲಾಗಿದೆ. ಮಿಸ್ಟ್ರೆಸ್ ಅನ್ನುವುದು ಕೆಟ್ಟ ಮಾತು ಎಂದು ಮಗಳು ಫೋನಿನಲ್ಲಿ ತೋರಿಸಿದಳು, ಅಷ್ಟು ವರ್ಷ ಶಾಲೆ ನಡೆಸಿದವರ ಹೆಸರಿನ ಕೆಳಗೆ ಅದನ್ನು ಅಚ್ಚು ಹಾಕಿಸಿದರೆ ಅವಮಾನವಾಗುವುದಿಲ್ಲವೇ ಎಂದು ಕೆ.ಆರ್. ನಗರದ ಓದುಗರೊಬ್ಬರು ಕಳವಳದಿಂದ ಬರೆದಿದ್ದರು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಿಸ್ಟ್ರೆಸ್ ಹುಟ್ಟಿನಿಂದ ಕೆಟ್ಟ ಪದವಲ್ಲ. ಆದರೂ ನಾನಾದರೆ ಅದನ್ನು ಹಾಕಿಸುವುದಿಲ್ಲ. ಅದಕ್ಕೆ ಅಂಟಿಕೊಂಡ ಇನ್ನೊಂದು ಅರ್ಥಕ್ಕೆ ಹೆದರಿ ಅಲ್ಲ. ಹೆಂಗಸು ಪಾಠ ಹೇಳುವುದನ್ನು ಬೇರೆಯದೇ ಒಂದು ಕೆಲಸವಾಗಿ, ಗಂಡಸಿನ ಕೆಲಸಕ್ಕಿಂತ ಒಂದು ಮೆಟ್ಟಿಲು ಕೆಳಗಿನದಾಗಿ ಕಂಡ ಕಾಲಕ್ಕೆ ಸೇರಿದ ಪದ ಅದು ಎಂಬ ಕಾರಣಕ್ಕೆ.

ಇಂಗ್ಲೆಂಡಿನ ಶಾಲೆಗಳಲ್ಲಿ ಮಾಸ್ಟರ್ ಗಂಡಸು, ಮಿಸ್ಟ್ರೆಸ್ ಹೆಂಗಸು. ಒಡೆಯ, ಒಡತಿ ಎಂಬ ಯಜಮಾನಿಕೆಯ ಅರ್ಥ ಎರಡಕ್ಕೂ ಇತ್ತು. ಇವತ್ತು ನಾವು ಬಳಸುವ ಮಿಸ್, ಮಿಸೆಸ್ ಎರಡೂ ಇದೇ ಮಿಸ್ಟ್ರೆಸ್ಸಿನ ಮೊಟಕು ರೂಪಗಳು. ಮೊದಲಿಗೆ ಮದುವೆಯಾದವಳು, ಆಗದವಳು ಎಂಬ ಭೇದ ಅದರಲ್ಲಿರಲಿಲ್ಲ. ಮನೆ ನಡೆಸುವ, ವ್ಯಾಪಾರ ಮಾಡುವ, ಪಾಠ ಹೇಳುವ ಹೆಂಗಸಿಗೆ ಅದು ಗೌರವದ ಹೆಸರು. ಭೇದ ಆಮೇಲೆ ಬಂತು. ಮದುವೆಯ ಹೊರಗಿನ ಸಂಬಂಧ ಎಂಬ ಅರ್ಥ ಮುಂದಕ್ಕೆ ಬಂದು ಹಳೆಯದನ್ನು ಹಿಂದಕ್ಕೆ ತಳ್ಳಿತು. ಮಾಸ್ಟರ್ ಪದಕ್ಕೆ ಅಂಥ ಗತಿ ಬರಲಿಲ್ಲ. 2023ರ ಆಗಸ್ಟ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಲಿಂಗತಾರತಮ್ಯದ ಮಾತುಗಳ ಬಗ್ಗೆ ಒಂದು ಕೈಪಿಡಿ ತಂದಿತು. ನ್ಯಾಯಾಲಯಗಳು ಕೈಬಿಡಬೇಕಾದ ಪದಗಳ ಪಟ್ಟಿಯಲ್ಲಿ ಮಿಸ್ಟ್ರೆಸ್ ಕೂಡ ಇತ್ತು. ಕೆ.ಆರ್. ನಗರದ ಆ ಹುಡುಗಿ ನೋಡಿದ್ದು ಬಹುಶಃ ಆ ಸುದ್ದಿಯನ್ನೇ. ಕೋರ್ಟು ಹೇಳಿದ್ದು ಆ ಎರಡನೇ ಅರ್ಥದ ಬಗ್ಗೆ. ಶಾಲೆಯ ಹುದ್ದೆಯ ಬಗ್ಗೆ ಅಲ್ಲ.

ಹಾಗಾದರೆ ಶಾಲೆಯ ಹುದ್ದೆಯಾಗಿ ಅದರ ಚರಿತ್ರೆ ಏನು? ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಬ್ರಿಟನ್ನಿನ ಬಹಳಷ್ಟು ಕಡೆ ಶಿಕ್ಷಕಿ ಮದುವೆಯಾದರೆ ಕೆಲಸ ಬಿಡಬೇಕಿತ್ತು. ಇಂಗ್ಲೆಂಡಿನಲ್ಲಿ ಈ ನಿರ್ಬಂಧವನ್ನು ಕಾನೂನು ತೆಗೆದುಹಾಕಿದ್ದು 1944ರ ಶಿಕ್ಷಣ ಕಾಯ್ದೆಯಲ್ಲಿ. ಒಂದೇ ಪಾಠ, ಒಂದೇ ಗಂಟೆ, ಆದರೂ ಗಂಡಸಿನ ಸಂಬಳದ ಐದರಲ್ಲಿ ನಾಲ್ಕು ಪಾಲು ಅವಳಿಗೆ. ಸಮಾನ ವೇತನದ ತೀರ್ಮಾನವಾದದ್ದು 1955ರಲ್ಲಿ, ಕಂತು ಕಂತಾಗಿ ಪೂರ್ತಿ ಕೈಗೆ ಬಂದದ್ದು 1961ರಲ್ಲಿ. ಇಂಗ್ಲಿಷ್ ಕಥೆಗಳಲ್ಲಿ ಬರುವ ಆ ಕನ್ನಡಕದ, ತುರುಬಿನ, ಮುಖ ಸಡಿಲಿಸದ ಅವಿವಾಹಿತ ಮಿಸ್ಟ್ರೆಸ್ ಅಷ್ಟು ಒಂಟಿಯಾಗಿದ್ದದ್ದು ಸ್ವಭಾವದಿಂದಲ್ಲ, ನಿಯಮದಿಂದ. ಮಿಸ್ ಎಂದು ಕರೆಯುವ ರೂಢಿಗೂ ಅದೇ ಬೇರು. ಮಿಷನ್ ಶಾಲೆ, ಕಾನ್ವೆಂಟುಗಳ ದಾರಿಯಲ್ಲಿ ಅದು ನಮ್ಮಲ್ಲಿಗೂ ಬಂತು. ಇವತ್ತು ಪಿರಿಯಾಪಟ್ಟಣದ ಖಾಸಗಿ ಶಾಲೆಯ ಒಂದನೇ ತರಗತಿ ಮಗು ಇಬ್ಬರು ಮಕ್ಕಳ ತಾಯಿಯನ್ನು 'ಮಿಸ್' ಎನ್ನುತ್ತದೆ.

ಮೈಸೂರು ಸೀಮೆಯಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅದೇ ಮುಂದೆ ಮಹಾರಾಣಿ ಶಾಲೆ, ಮಹಾರಾಣಿ ಕಾಲೇಜು ಆಯಿತು. ಆಗಿನ ದೊಡ್ಡ ತೊಡಕು, ಓದಿಸುವುದಕ್ಕೆ ಹೆಂಗಸರೇ ಇಲ್ಲ. ಹುಡುಗಿಯರು ದೊಡ್ಡವರಾಗುತ್ತಿದ್ದಂತೆ ಗಂಡಸಿನ ಮುಂದೆ ಕೂರಿಸಲು ಮನೆಯವರು ಒಪ್ಪುವುದಿಲ್ಲ; ಹುಡುಗಿಯರು ಓದದೆ ಮುಂದಿನ ಶಿಕ್ಷಕಿ ಹುಟ್ಟುವುದಿಲ್ಲ. ಈ ಗಂಟು ಬಿಚ್ಚಿದವರಲ್ಲಿ ಹಲವರು ವಿಧವೆಯರು. ಇಂಗ್ಲೆಂಡಿನಲ್ಲಿ ಮದುವೆಯಾಗದವಳಿಗೆ ಶಾಲೆಯ ಬಾಗಿಲು ತೆರೆದಿದ್ದರೆ ನಮ್ಮಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ತೆರೆಯಿತು. ಮದರಾಸಿನಲ್ಲಿ ಸಿಸ್ಟರ್ ಸುಬ್ಬಲಕ್ಷ್ಮಿ, ಪುಣೆಯಲ್ಲಿ ಕರ್ವೆಯವರು ಬಾಲವಿಧವೆಯರನ್ನು ಓದಿಸಿ ಸ್ವಂತ ಕಾಲ ಮೇಲೆ ನಿಲ್ಲಿಸಿದ್ದು ಇದೇ ಕಾಲಘಟ್ಟದಲ್ಲಿ. ನಮ್ಮ ಜಿಲ್ಲೆಯ ನಂಜನಗೂಡಿನ ತಿರುಮಲಾಂಬ, ಅವರೂ ಬಾಲವಿಧವೆ, ಮನೆಯಲ್ಲೇ ಓದಿ ಬರೆದು ಪತ್ರಿಕೆ ನಡೆಸಿದರು, ಪುಸ್ತಕ ಪ್ರಕಟಿಸಿದರು. ಇತ್ತ ಮಹಾರಾಣಿ ಕಾಲೇಜಿನಿಂದ ಶ್ರೀರಂಗಮ್ಮ, ರುಕ್ಮಿಣಿಯಮ್ಮ ಎಂಬ ಇಬ್ಬರು ಹೆಣ್ಣುಮಕ್ಕಳು 1906ರಲ್ಲಿ ಪದವಿಯನ್ನೂ ಪಡೆದರು.

ಇದೆಲ್ಲ ಪಟ್ಟಣದ ಮಾತು. ಹಳ್ಳಿಯಲ್ಲಿ ಕೂಲಿಮಠದ ಅಯ್ನೋರು ಹೋಗಿ ಸರ್ಕಾರಿ ಶಾಲೆಯ ಮಾಸ್ಟರ್ ಬಂದಾಗ ಜನ ಅವರನ್ನು ಮೇಷ್ಟ್ರು ಮಾಡಿಕೊಂಡರು. ಆ ಪದಕ್ಕೆ ಈಗ ಇಂಗ್ಲಿಷಿನ ವಾಸನೆಯೇ ಇಲ್ಲ. ಊರಿನ ಕಾಗದ ಓದುವವರು, ಅರ್ಜಿ ಬರೆಯುವವರು, ಜಗಳ ಬಿಡಿಸುವವರು, ಮದುವೆ ಲಗ್ನಪತ್ರಿಕೆ ತಿದ್ದುವವರು, ಎಲ್ಲ ಆ ಒಂದು ಪದದಲ್ಲಿ ಬಂದರು. ಮಿಸ್ಟ್ರೆಸ್ ಮಾತ್ರ ಹಳ್ಳಿಯ ಬಾಯಿಗೆ ಹತ್ತಲೇ ಇಲ್ಲ. ಅದು ಪಟ್ಟಣದ ಹೆಣ್ಣುಮಕ್ಕಳ ಶಾಲೆಯ ಬೋರ್ಡಿನ ಮೇಲೆ, ಸರ್ಕಾರಿ ಕಡತಗಳಲ್ಲಿ ಉಳಿಯಿತು. ಕಾರಣ ಸರಳ. ಭಾಷೆ ಮೇಷ್ಟ್ರನ್ನು ಒಗ್ಗಿಸಿಕೊಳ್ಳುತ್ತಿದ್ದ ಆ ದಶಕಗಳಲ್ಲಿ ಹಳ್ಳಿ ಶಾಲೆಗೆ ಹೆಂಗಸು ಬಂದಿರಲಿಲ್ಲ. ಬಂದಿದ್ದರೆ ಮಿಸ್ಟ್ರೆಸ್ಸನ್ನೂ ನಾವು ತಿಕ್ಕಿ ತೀಡಿ ನಮ್ಮದೇ ಒಂದು ಪದ ಮಾಡಿಕೊಂಡಿರುತ್ತಿದ್ದೆವು.

ನಾನು ಓದಿದ್ದು ಹುಣಸೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ. ನಾಲ್ಕನೇ ತರಗತಿವರೆಗೆ ಹೆಂಗಸು ಪಾಠ ಹೇಳುವುದನ್ನು ನಾನು ನೋಡಿರಲಿಲ್ಲ. ಐದಕ್ಕೆ ಬಂದಾಗ ಒಬ್ಬರು ವರ್ಗವಾಗಿ ಬಂದರು. ಬೆಳಗಿನ ಬಸ್ಸಿಗೆ ಹುಣಸೂರಿನಿಂದ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವವರು. ಅವರನ್ನು ಏನೆಂದು ಕರೆಯಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮನೆಯಲ್ಲಿ ಕೇಳಿದರೆ ಅಪ್ಪನಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದನ್ನೇ ಕೂಗಿದೆವು: "ಮೇಷ್ಟ್ರೇ, ನೀರ್ ಕುಡ್ಕಂಡ್ ಬತ್ತೀನಿ ಮೇಷ್ಟ್ರೇ." ಅವರು ಒಂದು ದಿನವೂ ತಿದ್ದಲಿಲ್ಲ. ಊರಿನ ಹೆಂಗಸರು ಮಾತ್ರ ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ಭಿನ್ನರಾಶಿಯನ್ನು ನನ್ನ ತಲೆಗೆ ಹತ್ತಿಸಿದವರು ಅವರು. ಮನೆಗೆ ಬಂದು ಅವ್ವನ ಹತ್ತಿರ ಕೂತು ನನ್ನ ಅಕ್ಕನನ್ನು ಹೈಸ್ಕೂಲಿಗೆ ಕಳಿಸುವಂತೆ ಒಪ್ಪಿಸಿದವರೂ ಅವರೇ. ಮೇಷ್ಟ್ರು ನಮ್ಮ ಜಗಲಿವರೆಗೆ ಬರುತ್ತಿದ್ದರು, ಈ ಮೇಷ್ಟ್ರು ಅಡುಗೆಮನೆವರೆಗೆ ಬಂದರು. ಅಕ್ಕ ಇವತ್ತು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಪಾಠ ಹೇಳುತ್ತಾಳೆ.

ಮಕ್ಕಳು ಹಾಗೆ ಕೂಗಿದ್ದರಲ್ಲಿ ವ್ಯಾಕರಣದ ತಪ್ಪೂ ಇಲ್ಲ. ಕನ್ನಡದಲ್ಲಿ ಗೌರವಕ್ಕೆ ಬಹುವಚನ ಸೇರಿದ ಕೂಡಲೇ ಗಂಡು ಹೆಣ್ಣಿನ ಗೆರೆ ಅಳಿಸಿಹೋಗುತ್ತದೆ. ಮೇಷ್ಟ್ರು ಬಂದರು, ಡಾಕ್ಟರು ಬಂದರು, ಮುಖ್ಯ ಶಿಕ್ಷಕರು ಬಂದರು ಎಂದರೆ ಬಂದವರು ಯಾರು ಬೇಕಾದರೂ ಆಗಬಹುದು. ಸಂಸ್ಕೃತದ ವೈಯಾಕರಣರೂ ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿದ್ದರು. ಸ್ವತಃ ಪಾಠ ಹೇಳುವವಳು ಆಚಾರ್ಯಾ, ಆಚಾರ್ಯನ ಹೆಂಡತಿ ಆಚಾರ್ಯಾನೀ. ಉಪಾಧ್ಯಾಯೀ ಎಂದರೆ ತಾನೇ ಓದಿಸುವವಳೂ ಆಗಬಹುದು. ಅಮರಕೋಶದಲ್ಲಿಯೂ ಈ ವ್ಯತ್ಯಾಸ ಇದೆ. ತನ್ನ ವಿದ್ಯೆಯಿಂದ ಬಂದ ಹೆಸರು ಬೇರೆ, ಗಂಡನ ವಿದ್ಯೆಯಿಂದ ಬಂದ ಹೆಸರು ಬೇರೆ ಎಂದು ಅಷ್ಟು ಹಿಂದೆಯೇ ಗೆರೆ ಎಳೆದಿದ್ದರು. ಧಾರವಾಡದ ಕಡೆ ಶಿಕ್ಷಕಿ ಅಕ್ಕೋರು. ನಮ್ಮ ಹುಣಸೂರಿನ ಉರ್ದು ಶಾಲೆಯ ಮಕ್ಕಳಿಗೆ ಆಪಾ. ಎರಡೂ ಅಕ್ಕನೇ. ಪ್ರೀತಿಯ ಹೆಸರುಗಳು, ನನಗೂ ಇಷ್ಟ. ಆದರೆ ಗಂಡಸು ಗುರುವಾಗಿ ಹೆಂಗಸು ಮಾತ್ರ ನೆಂಟಳಾಗುವುದು ಯಾಕೆ ಎಂಬ ಪ್ರಶ್ನೆ ಅಲ್ಲಿ ಉಳಿದೇ ಉಳಿಯುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, 1960ರ ದಶಕದಿಂದ ನೆಲೆ ನಿಂತಿರುವ ಟಿಬೆಟನ್ನರ ಶಾಲೆಗಳಲ್ಲಿ, ಈ ತೊಂದರೆಯೇ ಇಲ್ಲ. ಅಲ್ಲಿ ಪಾಠ ಹೇಳುವವರು ಗಂಡಾಗಲಿ ಹೆಣ್ಣಾಗಲಿ ಗೆನ್‌ಲಾ.

ನಮ್ಮ ಹಳ್ಳಿಗಳಿಗೆ ಶಿಕ್ಷಕಿಯರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1980ರ ದಶಕದ ಕೊನೆಯಿಂದ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಏಕೋಪಾಧ್ಯಾಯ ಶಾಲೆಗೆ ಎರಡನೇ ಹುದ್ದೆ ಕೊಡಬೇಕು, ಆದಷ್ಟೂ ಅದು ಹೆಂಗಸಿಗೆ ಹೋಗಬೇಕು ಎಂಬುದು ಅದರ ಒಂದು ಅಂಶ. 1992ರಲ್ಲಿ ಪರಿಷ್ಕರಿಸಿದ ಕಾರ್ಯಯೋಜನೆ ಮುಂದಿನ ನೇಮಕಾತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು ಎಂದಿತು. ಶಾಲೆಗೆ ಹೆಂಗಸು ಬಂದರೆ ಹುಡುಗಿಯರು ಬರುತ್ತಾರೆ ಎಂಬ ಲೆಕ್ಕ ಅದು, ನಮ್ಮ ತಾಲ್ಲೂಕುಗಳಲ್ಲಿ ಹುಸಿಯಾಗಲಿಲ್ಲ.

ಆಮೇಲೆ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಒಂದು ಕೆಲಸ ನಡೆಯಿತು. ನಮ್ಮ ಜಿಲ್ಲೆಯಲ್ಲೇ ಅದರ ನೆನಪು ಮಾಸುತ್ತಿರುವುದು ನನಗೆ ಬೇಸರದ ಸಂಗತಿ. ಮಕ್ಕಳು ನಲಿಯುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಹುಟ್ಟಿದ್ದು ಬೆಂಗಳೂರಿನ ಕಚೇರಿಯಲ್ಲಿ ಅಲ್ಲ, ಈ ಕಾಡಂಚಿನ ತಾಲ್ಲೂಕಿನ ಕೆಲವೇ ಸರ್ಕಾರಿ ಶಾಲೆಗಳಲ್ಲಿ. ತಾಲ್ಲೂಕಿನ ಶಿಕ್ಷಕ ಶಿಕ್ಷಕಿಯರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ನೋಡಿದ್ದನ್ನು ಹಾಗೇ ಇಳಿಸದೆ, ಇಲ್ಲಿನ ಮಕ್ಕಳಿಗೆ ಒಪ್ಪುವ ಹಾಡು, ಕಥೆ, ಕಾರ್ಡುಗಳನ್ನು ಕೂತು ತಾವೇ ಮಾಡಿಕೊಂಡರು. ಕಾಫಿ ತೋಟದ ಕೆಲಸಕ್ಕೆ ಕೊಡಗಿಗೆ ಹೋದ ಅಪ್ಪ ಅಮ್ಮನ ಜೊತೆ ತಿಂಗಳುಗಟ್ಟಲೆ ಕಾಣೆಯಾಗುವ ಆದಿವಾಸಿ ಹಾಡಿಯ ಮಗು ಹಿಂದಿರುಗಿದಾಗ ತರಗತಿ ಎಲ್ಲಿಗೋ ಹೋಗಿರುತ್ತದೆ, ಅಲ್ಲಿಗೇ ಶಾಲೆ ಬಿಟ್ಟಂತೆ. ನಲಿ-ಕಲಿಯಲ್ಲಿ ಹಾಗಲ್ಲ. ಕಲಿಕಾ ಏಣಿಯ ಯಾವ ಮೆಟ್ಟಿಲಿನಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮಗು ಹತ್ತಬಹುದು. ಅಕ್ಷರವೂ ಅ ಆ ಇ ಈ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂದು ಶುರು. ಬರೆಯಲು ಸುಲಭ, ಐದು ಅಕ್ಷರ ಕಲಿತ ಕೂಡಲೇ ಅರ, ಸರ, ದರ, ಅಗಸ ಎಂದು ಮಗು ಪದ ಓದಿಬಿಡುತ್ತದೆ.

ಈ ಪದ್ಧತಿ ಶಿಕ್ಷಕಿಯನ್ನು ಎಲ್ಲಿ ಕೂರಿಸಿತು ಎಂಬುದು ನನ್ನ ವಿಷಯಕ್ಕೆ ಮುಖ್ಯ. ಕುರ್ಚಿ ಮೇಜು ಪಕ್ಕಕ್ಕೆ ಸರಿದವು. ಅವರು ಚಾಪೆಯ ಮೇಲೆ, ಮಕ್ಕಳ ತಟ್ಟೆಯೊಳಗೆ ಕೂತರು. ನಲಿ-ಕಲಿಯ ಮಾತಿನಲ್ಲಿ ತಟ್ಟೆ ಎಂದರೆ ಗುಂಪು. ಕಪ್ಪುಹಲಗೆ ಗೋಡೆಯ ಮೇಲಿಂದ ಮಗುವಿನ ಎತ್ತರಕ್ಕೆ ಇಳಿಯಿತು. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಕೆಲಸವನ್ನು ನೇತುಹಾಕುವ ಕಲಿಕಾ ಚಪ್ಪರ ಬಂತು. ಮಾಸ್ಟರ್, ಮಿಸ್ಟ್ರೆಸ್ ಎಂಬ ಎರಡು ಪದಗಳಲ್ಲೂ ಇದ್ದ ಒಡೆತನ, ಕೋಲು, ಎತ್ತರದ ಕುರ್ಚಿ ಎಲ್ಲ ಆ ಕೊಠಡಿಯಿಂದ ಹೊರಗೆ ನಡೆದವು. 2009ರ ಸುಮಾರಿಗೆ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ನಲಿ-ಕಲಿ ಹಬ್ಬಿತು. ಹಬ್ಬಿದ ಮೇಲೆ ಎಷ್ಟೋ ಕಡೆ ಜೀವ ಕಳೆದುಕೊಂಡು ಕಾರ್ಡು ತುಂಬುವ ಕೆಲಸವಾಗಿದೆ ಎಂಬ ದೂರನ್ನು ಅಕ್ಕನೂ ಹೇಳುತ್ತಾಳೆ, ನಾನೂ ಒಪ್ಪುತ್ತೇನೆ. ಮೂರು ತರಗತಿಯ ಮಕ್ಕಳನ್ನು ಒಬ್ಬರ ಕೈಗೆ ಕೊಟ್ಟು, ಮೇಲೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆಯ ಬಿ.ಎಲ್.ಒ. ಕೆಲಸ ಹೇರಿದರೆ ಯಾವ ಪದ್ಧತಿ ಉಳಿದೀತು?

ಹುಣಸೂರು, ಪಿರಿಯಾಪಟ್ಟಣದಲ್ಲಿ ಇದಕ್ಕೆ ಹೊಗೆಸೊಪ್ಪಿನ ಸುಗ್ಗಿಯೂ ಸೇರುತ್ತದೆ. ಸೊಪ್ಪು ಮುರಿದು ಕಡ್ಡಿಗೆ ಕಟ್ಟಿ, ಅದನ್ನು ಹದಮಾಡುವ ಬ್ಯಾರನ್ನಿಗೆ ಏರಿಸುವ ದಿನಗಳಲ್ಲಿ ದೊಡ್ಡ ಮಕ್ಕಳ ಹಾಜರಿ ಕುಸಿಯುತ್ತದೆ. ಮನೆ ಮನೆಗೆ ಹೋಗಿ ಕರೆತರುವವರು ಹೆಚ್ಚಾಗಿ ಶಿಕ್ಷಕಿಯರೇ, ಯಾಕೆಂದರೆ ಬ್ಯಾರನ್ನಿನ ಮುಂದೆ ಸೊಪ್ಪು ಕಟ್ಟುತ್ತಾ ಕೂತವರು ಹೆಂಗಸರು, ಮಾತಾಡಬೇಕಾದ್ದು ಅವರ ಹತ್ತಿರ. ಮೈಸೂರಿನಿಂದಲೋ ತಾಲ್ಲೂಕು ಕೇಂದ್ರದಿಂದಲೋ ಬಂದು ಹೋಗುವ ಶಿಕ್ಷಕಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸು ಒಂದಿಷ್ಟು ಹಣ ಉಳಿಸಿದೆ. ಕೆ.ಆರ್. ನಗರದವರಿಗೆ ರೈಲೂ ಇದೆ. ಬಸ್ಸೇ ಇಲ್ಲದ ಹಾಡಿ ಶಾಲೆಗೆ ಹೋಗುವವರಿಗೆ ಎರಡೂ ಇಲ್ಲ. ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸಿನಲ್ಲಿ ದುಡಿಯುವ ಅತಿಥಿ ಶಿಕ್ಷಕಿ ಆಟೋ ಬಾಡಿಗೆಯನ್ನೂ ಅದರಲ್ಲೇ ಕೊಡಬೇಕು.

ಈಗ ಹೆಸರಿನ ಪ್ರಶ್ನೆಗೆ ನನ್ನ ಅಭಿಪ್ರಾಯ. ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ, ಕಾಡು ಹಾದು, ಬಾವಲಿ ಚೆಕ್‌ಪೋಸ್ಟಿನ ಆಚೆಗೆ ಹೋದರೆ ಕೇರಳದ ವಯನಾಡು. ಅಲ್ಲಿ 2023ರ ಜನವರಿಯಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ಆಯೋಗ, ಶಾಲೆಯಲ್ಲಿ ಸರ್, ಮೇಡಂ ಎರಡೂ ಬೇಡ, ಎಲ್ಲರನ್ನೂ ಟೀಚರ್ ಎನ್ನಲಿ ಎಂದು ಸೂಚಿಸಿತು. ನನಗೆ ಅದು ಸರಿ ಕಾಣುತ್ತದೆ, ಆದರೆ ನಮಗೆ ಆಯೋಗದ ಆದೇಶವೂ ಬೇಕಿಲ್ಲ. 'ಮುಖ್ಯ ಶಿಕ್ಷಕರು' ಎಂಬ ಪದ ಕೈಯಲ್ಲೇ ಇದೆ, ಅದು ಇಬ್ಬರಿಗೂ ಸಲ್ಲುತ್ತದೆ, ಗೌರವ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಮಾತಿನಲ್ಲಿ ಎಚ್ಚೆಮ್ ಎಂದು ಎಲ್ಲರೂ ಆಗಲೇ ಅನ್ನುತ್ತಾರೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ಶಾಲಾ ಕಚೇರಿಯ ಗೋಡೆಯ ಫಲಕದಲ್ಲಿ ಗಂಡಸರೆಲ್ಲ ಶ್ರೀ, ಹೆಂಗಸರು ಮಾತ್ರ ಶ್ರೀಮತಿ, ಕುಮಾರಿ ಎಂದು ಎರಡು ಪಾಲಾಗಿರುತ್ತಾರೆ. ಅವರು ಏನು ಓದಿದ್ದಾರೆ, ಯಾವ ವಿಷಯ ಹೇಳುತ್ತಾರೆ ಎಂಬುದು ಮಕ್ಕಳಿಗೆ ಬೇಕು. ಮದುವೆಯಾಗಿದೆಯೇ ಎಂಬುದು ಬೇಡ. ಆ ಎರಡು ಪದಗಳನ್ನು ಅಳಿಸಿ ಬರೀ ಹೆಸರು ಬರೆದರೆ ಬಣ್ಣದ ಖರ್ಚೂ ಕಡಿಮೆ.

ಆದರೆ ಒಂದು ಜಾಗದಲ್ಲಿ ಹೆಸರು ಬರೀ ಹೆಸರಾಗಿ ಉಳಿಯುವುದಿಲ್ಲ, ಅಲ್ಲಿ ಹಣ ಮತ್ತು ಹಕ್ಕು ಅದರ ಹಿಂದೆ ನಿಂತಿವೆ. ನಮ್ಮ ಯಾವ ಊರಿಗೆ ಹೋಗಿ 'ಟೀಚರ್ ಮನೆ ಯಾವುದು' ಎಂದು ಕೇಳಿದರೂ ಮೊದಲು ತೋರಿಸುವುದು ಅಂಗನವಾಡಿ ಟೀಚರ ಮನೆಯನ್ನು. ಅವರು ಊರಿನವರೇ, ಸಂಜೆಯ ಬಸ್ಸಿಗೆ ಹೊರಟುಹೋಗುವವರಲ್ಲ. ಸರ್ಕಾರದ ಕಾಗದದಲ್ಲಿ ಮಾತ್ರ ಅವರು ಟೀಚರ್ ಅಲ್ಲ, ಅಂಗನವಾಡಿ ಕಾರ್ಯಕರ್ತೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ಕರ್ನಾಟಕಕ್ಕೆ ಸಿಕ್ಕ ಜಾಗ ನಮ್ಮ ಜಿಲ್ಲೆಯ ಟಿ. ನರಸೀಪುರ. ರಾಜ್ಯದಲ್ಲಿ ಮೊದಲು ಈ ಕೆಲಸ ಹಿಡಿದವರು ಈ ನೆಲದ ಹೆಂಗಸರು. ಅವರಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಸೇವೆಯಲ್ಲ, ಸ್ವಯಂಸೇವೆ ಎಂಬ ಲೆಕ್ಕ. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು.

2022ರ ಏಪ್ರಿಲ್‌ನಲ್ಲಿ ಗಾಳಿ ಸ್ವಲ್ಪ ತಿರುಗಿತು. ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, 1972ರ ಕಾಯ್ದೆಯ ಪ್ರಕಾರ ಅವರಿಗೆ ಗ್ರ್ಯಾಚುಟಿ ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ನಡೆಯುವುದು ಶಾಲಾಪೂರ್ವ ಶಿಕ್ಷಣ, ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಂ ಹೇಳುವುದೂ ಅದನ್ನೇ ಎಂಬುದು ಆ ತೀರ್ಪಿನ ಆಧಾರಗಳಲ್ಲಿ ಒಂದು. ಅಂದರೆ ಊರಿನ ಜನ ಮೊದಲಿನಿಂದ ಕರೆಯುತ್ತಿದ್ದ ಹೆಸರಿನ ಹತ್ತಿರಕ್ಕೆ ಕೋರ್ಟು ಬಂತು. 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಅಂಗನವಾಡಿ ನೌಕರರು ಕೇಳಿದ್ದೂ ಇದನ್ನೇ: ಗ್ರ್ಯಾಚುಟಿ ಕೊಡಿ, ನಮ್ಮನ್ನು ಶಿಕ್ಷಕಿಯರೆಂದು ಪರಿಗಣಿಸಿ.

ಗ್ರ್ಯಾಚುಟಿಯ ಲೆಕ್ಕ ಹೀಗೆ: ಒಂದು ವರ್ಷದ ಸೇವೆಗೆ ಹದಿನೈದು ದಿನದ ವೇತನ. ಅದು ಎಷ್ಟಾಗುತ್ತದೆ ಎಂಬುದು ಕೈಗೆ ಬರುವ ಮೊತ್ತವನ್ನು ಅವಲಂಬಿಸಿದೆ, ಆ ಮೊತ್ತ ಕಾರ್ಯಕರ್ತೆ ಎಂಬ ಹೆಸರಿಗೆ ಕಟ್ಟಿಬಿದ್ದಿದೆ. ಅಂಗನವಾಡಿ ಇರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ, ಶಾಲೆ ಇರುವುದು ಶಿಕ್ಷಣ ಇಲಾಖೆಯಲ್ಲಿ. ಈಗ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುತ್ತಿದ್ದಾರೆ. ಅದೇ ವಯಸ್ಸಿನ ಮಕ್ಕಳು, ಬಹಳ ಕಡೆ ಅದೇ ಆವರಣ, ನಡುವೆ ಒಂದು ಗೋಡೆ. ಗೋಡೆಯ ಆಚೆ ನೇಮಕವಾಗುವವರು ಶಿಕ್ಷಕಿ, ಈಚೆ ಇಪ್ಪತ್ತು ವರ್ಷದಿಂದ ಅದೇ ಮಕ್ಕಳಿಗೆ ಹಾಡು ಕಲಿಸಿದವರು ಕಾರ್ಯಕರ್ತೆ. ಎರಡು ಇಲಾಖೆಗಳು ಒಟ್ಟಿಗೆ ಕೂತು, ವಿದ್ಯಾರ್ಹತೆ ಇರುವ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಆ ಹುದ್ದೆಗಳಿಗೆ ಮೊದಲು ಅವರನ್ನೇ ತೆಗೆದುಕೊಳ್ಳಬೇಕು. ಅದನ್ನು ಟಿ. ನರಸೀಪುರದಿಂದಲೇ, ಅದರ ಜೊತೆಗೆ ನಮ್ಮ ಈ ನಾಲ್ಕು ತಾಲ್ಲೂಕುಗಳಿಂದ ಶುರು ಮಾಡಲಿ ಎಂದು ನಾನು ಜಿಲ್ಲೆಯ ಶಾಸಕರನ್ನೂ ಜಿಲ್ಲಾ ಪಂಚಾಯಿತಿಯನ್ನೂ ಕೇಳುತ್ತೇನೆ.